ತಗಡಿನ ಮೇಲಿನ ಅಂಕಿ

ಜುಲೈ ೭

ಶಮಾ ಮೇಡಂ ಒಂದು ದಾಖಲೆ ಪುಸ್ತಕ ಇಡಬೇಕೆಂದು ಹೇಳಿ ಹೋದರು. ನಾನು ಅಂಗಡಿಯಿಂದ ಎರಡು ತಂದೆ. ಒಂದು ಸರ್ಕಾರಕ್ಕೆ. ಯಾವ ದಿನ ಎಷ್ಟು ಪದರ ಫೈಬರ್ ಹಾಸಿದೆವು, ರಾಳ ಯಾವ ಡಬ್ಬಿಯದು, ಅವತ್ತು ಬಿಸಿಲೆಷ್ಟಿತ್ತು ಎಂಬುದನ್ನೆಲ್ಲ ಅದರಲ್ಲಿ ಬರೆಯಬೇಕಂತೆ. ಇನ್ನೊಂದು ಇದು, ನನ್ನದು. ಅದರಲ್ಲಿ ಬರೆಯಲಾಗದ್ದನ್ನು ಇದರಲ್ಲಿ ಬರೆದುಕೊಳ್ಳುತ್ತೇನೆ. ಮೊದಲು ಇಷ್ಟು ಬರೆದಿಡುತ್ತೇನೆ: ಗಂಗಾವತಿಯಲ್ಲಿ ಇಪ್ಪತ್ತೆರಡು ವರ್ಷ ಫೈಬರ್ ಕೆಲಸ ಮಾಡಿದ ಹಂಪಣ್ಣನಿಗೆ, ಮೊನ್ನೆ ಮೊನ್ನೆ ಕಾಲೇಜು ಬಿಟ್ಟ ಹುಡುಗಿ ಬಂದು ದೋಣಿ ಎಂದರೇನು ಎಂದು ಹೇಳಿಕೊಡುತ್ತಾಳೆ.

ಆಗಿದ್ದಿಷ್ಟು. ಕೊಪ್ಪಳದ ಪ್ರಭುರಾಜ ಇರಕಲ್ಲಗಡದ ಆಚೆಯ ಕೆರೆಯಲ್ಲಿ ದೋಣಿವಿಹಾರದ ಗುತ್ತಿಗೆ ಹಿಡಿದಿದ್ದಾನೆ. ಎಂಟು ಪೆಡಲ್ ದೋಣಿ ಬೇಕು, ಒಂದೊಂದರಲ್ಲಿ ಆರು ಜನ ಕೂರುವಂತಿರಬೇಕು ಎಂದು ನನ್ನ ಶೆಡ್ಡಿಗೇ ಬಂದು ಕೇಳಿದ. ನಾನು ಈತನಕ ಮಾಡಿದ್ದು ನೀರಿನ ಟ್ಯಾಂಕು, ಬೀಜದ ಡ್ರಮ್ಮು, ಶಾಲೆಗಳಿಗೆ ಜಾರುಬಂಡಿ. ನೀರನ್ನು ಒಳಗೆ ಹಿಡಿದಿಡಲು ಬಲ್ಲವನಿಗೆ ಹೊರಗಿಡುವುದು ಎಷ್ಟರ ಕೆಲಸ ಎಂದು ಒಪ್ಪಿಕೊಂಡುಬಿಟ್ಟೆ. ನನ್ನ ಪಾಲುದಾರ ಟಿಪ್ಪುಸಾಬನೂ ತಲೆಯಾಡಿಸಿದ. ಅಚ್ಚಿನ ಕೆಲಸದಲ್ಲಿ ಅವನನ್ನು ಮೀರಿಸುವವರು ಈ ತಾಲ್ಲೂಕಿನಲ್ಲಿಲ್ಲ.

ಗುತ್ತಿಗೆಯ ಕಾಗದದಲ್ಲಿ ಒಂದು ಷರತ್ತಿದೆ. ಪ್ರತಿ ದೋಣಿಗೂ ಒಂದು ತಗಡು ಹೊಡೆದಿರಬೇಕು. ಅದರ ಮೇಲೆ ಮಾಡಿದವನ ಹೆಸರು, ದೋಣಿಯ ನಂಬರು, ಎಷ್ಟು ಭಾರ ಹೊರುತ್ತದೆ, ಎಷ್ಟು ಜನ ಹತ್ತಬಹುದು ಎಂದು ಅಚ್ಚೊತ್ತಿರಬೇಕು. ಅದೆಲ್ಲ ನಿಜವೆಂದು ಘೋಷಣಾ ಪತ್ರವನ್ನೂ ಬರೆದುಕೊಡಬೇಕು. ಇದನ್ನು ನೋಡಿಕೊಳ್ಳಲು ಹುಬ್ಬಳ್ಳಿಯಿಂದ ಬಂದ ಸರ್ವೇಯರೇ ಈ ಶಮಾ ಮೇಡಂ.

"ಪರೀಕ್ಷಾ ಎಲ್ಲಾ ನೀವ ಮಾಡ್ತೀರೇನ್ರಿ?" ಎಂದು ಕೇಳಿದೆ.

"ನೀರು ತುಂಬಿದ್ರ ಮುಳುಗತೈತೋ ಇಲ್ಲೋ ಅನ್ನೂದು ನಾ ಬಂದು ನೋಡ್ತೀನ್ರಿ. ಎಷ್ಟು ಮಂದಿ ಅನ್ನೂದು ನೀವ ನೋಡಿ, ನೀವ ಬರೀಬೇಕು. ಹೆಸರು ನಿಮ್ಮದಲ್ರಿ."

ಹೆಸರು ನನ್ನದಾದ ಮೇಲೆ ಈ ಪುರಾಣವೆಲ್ಲ ಯಾಕೆ? ಹಂಪಣ್ಣನ ಟ್ಯಾಂಕು ಸೋರಿದೆ ಎಂದು ಒಬ್ಬನಾದರೂ ಬಂದಿದ್ದಾನೆಯೇ?

ಜುಲೈ ೨೪

ಮೊದಲ ದೋಣಿ ಅಚ್ಚಿನಿಂದ ಹೊರಬಿತ್ತು. ಹಳದಿ ಬಣ್ಣ. ಬಾಗಿಲಲ್ಲಿ ನಿಲ್ಲಿಸಿದರೆ ರಸ್ತೆಯಲ್ಲಿ ಹೋಗುವವರೆಲ್ಲ ಸೈಕಲ್ಲು ಇಳಿದು ನೋಡುತ್ತಾರೆ. ನನಗೆ ಬಹಳ ಸಂತೋಷವಾಗಿದೆ, ಬರೆಯಲು ನಾಚಿಕೆ ಏನು.

ದೋಣಿಯ ತಳದಲ್ಲಿ ಎರಡು ಪೊಳ್ಳು ಕೋಣೆಗಳಿವೆ. ದೋಣಿಯೊಳಗೆ ನೀರು ತುಂಬಿಕೊಂಡರೂ ಮುಳುಗಬಾರದು ಎಂದು ಅವುಗಳಲ್ಲಿ ಫೋಮ್ ತುಂಬಬೇಕು. ಎರಡು ದ್ರವಗಳನ್ನು ಅಳೆದು, ಕಲಸಿ ಸುರಿಯಬೇಕು ಎಂದು ಮೇಡಂ ಕೊಟ್ಟ ಹಾಳೆಯಲ್ಲಿದೆ. ಅಳೆಯುವುದು ಕೈ ಪಳಗದವರ ಕೆಲಸ ಎಂದು ನಾವು ಕಣ್ಣಂದಾಜಿನಲ್ಲಿ ಸುರಿದೆವು. ಹುಳಿ ಬಂದ ದೋಸೆ ಹಿಟ್ಟಿನಂತೆ ಉಕ್ಕಿ, ತೂತಿನಿಂದ ಹೊರಬಂದು, ಕೆಳಗೆ ಬಿಟ್ಟಿದ್ದ ಟಿಪ್ಪುಸಾಬನ ಚಪ್ಪಲಿಗಳನ್ನು ಹಿಡಿದು ಕಲ್ಲಾಯಿತು. ಬರಿಗಾಲಲ್ಲಿ ಮನೆಗೆ ಹೋದವನನ್ನು ಹೆಂಡತಿ ಕಾಸೀಮಬೀ ಕೇಳಿದಳಂತೆ: "ಮಸೂತಿಗೂ ಹೋಗಿಲ್ಲ, ಮದುವಿಗೂ ಹೋಗಿಲ್ಲ. ಚಪ್ಪಲಿ ಎಲ್ಲಿ ಕಳಕೊಂಡ್ರಿ?"

ಸರ್ಕಾರದ ಪುಸ್ತಕದಲ್ಲಿ 'ಫೋಮ್ ತುಂಬಲಾಯಿತು' ಎಂದಷ್ಟೇ ಬರೆದೆ.

ಆಗಸ್ಟ್ ೩

ಇವತ್ತು ಜನರ ಲೆಕ್ಕದ ಪರೀಕ್ಷೆ. ಮೇಡಂ ಕೊಟ್ಟ ಹಾಳೆಯಲ್ಲಿ ಒಬ್ಬ ಮನುಷ್ಯನೆಂದರೆ ಎಪ್ಪತ್ತೈದು ಕಿಲೋ ಎಂದಿದೆ. ಓದಿ ನಕ್ಕೆ. ನಮ್ಮ ಗಂಗಾವತಿಯ ಭತ್ತದ ಚೀಲವೂ ಎಪ್ಪತ್ತೈದು ಕಿಲೋ! ಹಮಾಲರ ಬೆನ್ನು ಕಂಡುಕೊಂಡಿದ್ದನ್ನು ದೊಡ್ಡ ದೊಡ್ಡ ಎಂಜಿನಿಯರುಗಳು ಈಗ ಕಂಡುಕೊಂಡಿದ್ದಾರೆ.

ಶ್ರೀರಾಮನಗರದ ಹತ್ತಿರ ಗುರುತಿನವರೊಬ್ಬರ ಮೀನಿನ ಹೊಂಡವಿದೆ, ಎದೆಯುದ್ದ ನೀರು. ದೋಣಿಯನ್ನು ಅಲ್ಲಿಗೆ ಒಯ್ದು, ಅವರ ಗೋದಾಮಿನದೇ ಆರು ಚೀಲಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಒಳಗೆ ಮಲಗಿಸಿದೆವು. ದೋಣಿ ಅಲ್ಲಾಡಲಿಲ್ಲ. ಅಂಚಿನಿಂದ ನೀರು ಒಂದು ಗೇಣಿಗಿಂತ ಕೆಳಗಿತ್ತು. ಟಿಪ್ಪುಸಾಬ ನೀರಿಗಿಳಿದು ಬದಿ ಹಿಡಿದು ಅಲುಗಿಸಿದ, ಆಗಲೂ ಏನೂ ಆಗಲಿಲ್ಲ. ಹೊಂಡದ ಮಾಲೀಕರು ದಂಡೆಯಿಂದಲೇ "ಬಾಗುಂದಿ, ಬಾಗುಂದಿ" ಎಂದರು. ಅವರ ತೆಲುಗು ಹೊಗಳಿಕೆಯೂ ನನಗೆ ಹಿತವಾಗೇ ಕೇಳಿತು.

ಆರು ಚೀಲ, ಆರು ಜನ. ಪರೀಕ್ಷೆ ಮುಗಿಯಿತು.

ಆಗಸ್ಟ್ ೧೧

ಶಮಾ ಮೇಡಂ ಬಂದರು. ಹೊಂಡದಲ್ಲಿ ದೋಣಿಯನ್ನು ಬಿಟ್ಟು, ಬಕೆಟ್ಟಿನಿಂದ ನೀರು ಸುರಿಸಿ ಸುರಿಸಿ ಅಂಚಿನ ತನಕ ತುಂಬಿಸಿದರು. ನನ್ನ ಹೊಸ ದೋಣಿಯ ಹೊಟ್ಟೆಗೆ ನೀರು ಹೋಗುವುದನ್ನು ನೋಡಲಾಗದೆ ನಾನು ಬೇರೆ ಕಡೆ ನೋಡುತ್ತಿದ್ದೆ. ಅದು ಮುಳುಗಲಿಲ್ಲ. ನೀರು ತುಂಬಿಕೊಂಡೇ ತೇಲುತ್ತಾ ನಿಂತಿತು. ಮೇಡಂ ಚಪ್ಪಾಳೆ ತಟ್ಟಿದರು. ಕೆಟ್ಟವರೇನಲ್ಲ. ತಂದೆ ಯಲಬುರ್ಗಾದಲ್ಲಿ ಮಾಸ್ತರರಾಗಿದ್ದರಂತೆ. ಅದಕ್ಕೇ ಎಲ್ಲವನ್ನೂ ಎರಡು ಸಲ ಕೇಳುತ್ತಾರೆ.

"ಮಂದಿ ಎಷ್ಟು ಅಂತ ಬರದೀರಿ?"

"ಆರು."

"ಛಲೋತ್ನಾಗಿ ನೋಡೀರಿ?"

"ತೂಗಿ ನೋಡೀನ್ರಿ ಮೇಡಮ್ಮಾರ."

ಘೋಷಣಾ ಪತ್ರಕ್ಕೆ ಸಹಿ ಹಾಕಿದೆ. ಸಂಜೆಗೆ ತಗಡು ಬಂತು. ಮೇಲೆ ನನ್ನ ಹೆಸರು, ಕೆಳಗೆ ಆರು. ಮನೆಗೆ ಒಯ್ದು ಹೆಂಡತಿ ಪಕ್ಕೀರವ್ವನಿಗೆ ತೋರಿಸಿದೆ. "ಮದುವಿ ಪತ್ರದಾಗೂ ನಿಮ್ಮ ಹೆಸರು ಇಷ್ಟು ದೊಡ್ಡದು ಇರಲಿಲ್ಲ" ಎಂದಳು.

ಆಗಸ್ಟ್ ೨೨

ಶ್ರಾವಣದ ಕಡೆಯ ಶುಕ್ರವಾರ. ಹೊಸ ದೋಣಿ ನೀರಿಗಿಳಿದ ಮೇಲೆ ಗಂಗವ್ವನಿಗೆ ಉಡಿ ತುಂಬದಿದ್ದರೆ ಹೇಗೆ ಎಂದು ಪಕ್ಕೀರವ್ವ ಹಟ ಹಿಡಿದಿದ್ದಳು. ಅವಳ ಸಂಘದ ಐವರು ಹೆಂಗಸರೂ ಹೊಂಡಕ್ಕೆ ಬಂದರು, ಅವಳೂ ಸೇರಿ ಆರು. ಲೆಕ್ಕ ಸರಿಯಾಯಿತೆಂದು ನಾನೇ ಕೈಹಿಡಿದು ಹತ್ತಿಸಿದೆ. ಎಲ್ಲರ ಮಡಿಲಲ್ಲೂ ಕುಬಸದ ಕಣ, ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನ ಕೊಂಬು. ಮುಂದಿನ ಇಬ್ಬರು ಪೆಡಲ್ ತುಳಿಯುತ್ತಾ, ಹಾಡುತ್ತಾ ಹೊಂಡದ ನಡುವಿಗೆ ಹೋದರು. ಎಷ್ಟು ಚಂದ ಹೋಗುತ್ತಿತ್ತು ದೋಣಿ!

ನಡುವೆ ನಿಂತು ಹಾಡು ಮುಗಿಸಿದರು. ಉಡಿ ತುಂಬುವಾಗ ಯಾರೂ ಹಿಂದೆ ಉಳಿಯುವಂತಿಲ್ಲ, ಎಲ್ಲರ ಕೈಯೂ ಒಮ್ಮೆಲೇ ನೀರು ಮುಟ್ಟಬೇಕು. ಆರೂ ಜನ ಮೂಡಣದ ಬದಿಗೆ ತಿರುಗಿ, ಬಾಗಿ, ಕೈ ಚಾಚಿದರು. ಅಷ್ಟೇ. ಅಂಚು ನೀರಿಗಿಂತ ಕೆಳಗೆ ಹೋಯಿತು. ಮಡಿಲಲ್ಲಿದ್ದ ಉಡಿಯನ್ನೆಲ್ಲ ಗಂಗವ್ವ ತಾನೇ ಬಂದು ತೆಗೆದುಕೊಂಡಳು. ಸಂಘದ ಭೀಮಕ್ಕ ಉಡಿಯ ಹಿಂದೆಯೇ ಹೋದಳು.

ನಾನೂ ಟಿಪ್ಪುಸಾಬನೂ ಬಟ್ಟೆಯ ಸಮೇತ ಧುಮುಕಿದೆವು. ನೀರು ಎದೆಯುದ್ದವೇ ಇದ್ದುದರಿಂದ ಭೀಮಕ್ಕ ಆಗಲೇ ಎದ್ದು ನಿಂತಿದ್ದಳು, ತಲೆಯ ಮೇಲೆ ಪಾಚಿ. ನೀರು ತುಂಬಿದ ದೋಣಿಯಲ್ಲಿ ಉಳಿದ ಐವರೂ ಅಂಚು ಹಿಡಿದು ಕೂತಿದ್ದರು. ಮೊದಲು ಕಿರುಚಿದವರು ಆಮೇಲೆ ನಗಲು ಶುರುಮಾಡಿದರು. ಭೀಮಕ್ಕನೂ ನಕ್ಕಳು. "ಗಂಗವ್ವಗ ಅಕ್ಕಿ ಸಾಲಲಿಲ್ಲವಾ, ನನ್ನೂ ಕರದ್ಲು."

ದಂಡೆಗೆ ಬಂದ ಮೇಲೂ ನಗುತ್ತಿದ್ದರು. ನಾನು ಮಾತ್ರ ಹೊಂಡದ ನಡುವನ್ನೇ ನೋಡುತ್ತಿದ್ದೆ. ಇರಕಲ್ಲಗಡದ ಆಚೆಯ ಆ ಕೆರೆಯ ನಡುವೆ ನೀರು ಬರೀ ಎದೆಯುದ್ದವಲ್ಲ, ಆಳು ಮುಳುಗುವಷ್ಟಿದೆ.

ಆಗಸ್ಟ್ ೨೩

ಚೆನ್ನಾಗಿ ಯೋಚಿಸಿದೆ. ತಪ್ಪು ದೋಣಿಯದಲ್ಲ. ಆರೂ ಜನ ಒಂದೇ ಬದಿಗೆ ಬಾಗಿದರೆ ಯಾವ ದೋಣಿ ತಡೆದೀತು? ಟಿಪ್ಪುಸಾಬನೂ ಹಾಗೇ ಹೇಳಿದ: "ಒಂದ ಕಡೆ ವಾಲಬ್ಯಾಡ್ರಿ ಅಂತ ದಂಡಿ ಮ್ಯಾಲ ಬೋರ್ಡ್ ಹಾಕಸೂಣ. ಮುಗೀತಲ್ಲ." ಮೇಡಂ ನೋಡಿ ಹೋಗಿದ್ದಾರೆ, ಸಹಿಯಾಗಿದೆ, ತಗಡು ಬಂದಿದೆ. ನಡೆದದ್ದು ಗೊತ್ತಿರುವುದು ಆರು ಹೆಂಗಸರಿಗೆ, ಅವರಿಗೆ ಅದು ನಗೆಯ ಮಾತು.

ಇಲ್ಲಿಗೆ ಬಿಟ್ಟೆ.

ಆಗಸ್ಟ್ ೨೬

ಊಟ ಸೇರುತ್ತಿಲ್ಲ. ಬೇರೇನೂ ಇಲ್ಲ.

ಆಗಸ್ಟ್ ೩೦

ಇವತ್ತು ಅಕ್ಕಿ ಗಿರಣಿಯಿಂದ ಆರು ಹಮಾಲರನ್ನು ಕರೆದುಕೊಂಡು ಹೋದೆ. ಚೀಲ ಹೊರುವವರನ್ನೇ ಚೀಲದ ಜಾಗದಲ್ಲಿ ಕೂರಿಸಿ ನೋಡೋಣವೆಂದು. ಎಲ್ಲರಿಗೂ ತೇಲುವ ಜಾಕೀಟು ತೊಡಿಸಿದೆ.

ನೆಟ್ಟಗೆ ಕೂತರೆ ಆರು ಜನಕ್ಕೂ ತೊಂದರೆಯಿಲ್ಲ. "ಈ ಕಡಿ ನೋಡ್ರಿ, ಫೋಟೋ ಹಿಡೀತೀನಿ" ಎಂದು ದಂಡೆಯಿಂದ ಕೂಗಿದೆ. ಆರೂ ಜನ ತಿರುಗಿದರು, ಆರೂ ಜನ ಒದ್ದೆಯಾದರು. ಸೀಟುಗಳನ್ನು ನಾಲ್ಕು ಬೆರಳು ತಗ್ಗಿಸಿ ಐವರನ್ನು ಕೂರಿಸಿದೆ. ತಿರುಗಿದಾಗ ನೀರು ಅಂಚನ್ನು ನೆಕ್ಕಿತು, ಎರಡನೇ ಸಲ ಒಳಗೂ ಬಂತು. ಕಡೆಗೆ ನಾಲ್ವರು. ಎಡಕ್ಕೆ ತಿರುಗಿಸಿದೆ, ಬಲಕ್ಕೆ ತಿರುಗಿಸಿದೆ, ನಾಲ್ವರನ್ನೂ ಒಂದೇ ಬದಿಗೆ ಒರಗಿಸಿದೆ. ದೋಣಿ ಬಾಗಿತು, ಆದರೆ ಅಂಚು ನೀರಿನಿಂದ ನಾಲ್ಕು ಬೆರಳು ಮೇಲೇ ಉಳಿಯಿತು. ಹನ್ನೊಂದು ಸಲ ಮಾಡಿಸಿದೆ.

ಹಮಾಲರ ಹಿರಿಯ ತಲೆ ಒರೆಸಿಕೊಳ್ಳುತ್ತಾ ಕೇಳಿದ: "ಮೊದಲ ಏನು ಇಟ್ಟು ನೋಡಿದ್ರಿ?"

"ಭತ್ತದ ಚೀಲ."

"ಚೀಲ ಹೊಟ್ಟಿ ಮ್ಯಾಲ ಮಲಗಿರತೈತ್ರಿ. ಅದಕ್ಕ ಕುತ್ತಿಗಿ ಎಲ್ಲೈತಿ, ತಿರುಗಿ ನೋಡಾಕ?"

ಇಪ್ಪತ್ತೆರಡು ವರ್ಷದ ಕಸುಬಿನವನಿಗೆ ಇದು ಹೊಳೆಯಲಿಲ್ಲ. ನಾಚಿಕೆಯಾಯಿತು. ಮನೆಗೆ ಬಂದು ಎರಡು ರೊಟ್ಟಿ ಹೆಚ್ಚೇ ತಿಂದೆ.

ಸೆಪ್ಟೆಂಬರ್ ೧

ಶಮಾ ಮೇಡಂಗೆ ಫೋನು ಮಾಡಿ, ನನ್ನ ಘೋಷಣಾ ಪತ್ರ ವಾಪಸ್ ಕೊಡಿ, ಆರು ಎಂದಿದ್ದು ತಪ್ಪು, ನಾಲ್ಕು ಎಂದು ಬರೆದುಕೊಡುತ್ತೇನೆ ಎಂದೆ. ಉಡಿಯ ಕಥೆಯನ್ನೂ ಹೇಳಿದೆ. ಬೈಯುತ್ತಾರೆಂದುಕೊಂಡೆ.

"ಹಂಪಣ್ಣಾರ, ಅಂಕಿ ಏರಸ್ರಿ ಅಂತ ಫೋನ್ ಮಾಡಾವ್ರು ಭಾಳ ಮಂದಿ ಅದಾರ. ಇಳಸ್ರಿ ಅಂದವ್ರು ನೀವ ಮೊದಲನೇದವ್ರು. ಮತ್ತ ನಾನೂ ಅವತ್ತ ಕೇಳಬೇಕಿತ್ತು, ಏನಿಟ್ಟು ತೂಗೀರಿ ಅಂತ. ನಂದೂ ತಪ್ಪೈತಿ."

ಸಣ್ಣ ವಯಸ್ಸಿನವರು ಹೀಗೆ ತಪ್ಪು ಒಪ್ಪಿಕೊಂಡರೆ ನಮ್ಮಂಥವರು ಏನು ಹೇಳಬೇಕೆಂದೇ ತಿಳಿಯುವುದಿಲ್ಲ. ಊಟಾತೇನವಾ ಎಂದು ಕೇಳಿ ಫೋನು ಇಟ್ಟೆ.

ಟಿಪ್ಪುಸಾಬನಿಗೆ ಸಿಟ್ಟು ಬಂದಿದೆ. ಎರಡು ತಿಂಗಳು ಅವನು ಆ ಅಚ್ಚಿಗೆ ಬೆನ್ನು ಬಗ್ಗಿಸಿದ್ದಾನೆ. "ಆರ್ಡರ್ ಹೋದ್ರ?" ಎಂದ. ಹೋದರೆ ಹೋಯಿತು ಎಂದೆ. "ಭೀಮಕ್ಕನ ಜಾಗಾದಾಗ ಕಾಸೀಮಬೀ ಇದ್ದಿದ್ರ ಏನ ಮಾಡ್ತಿದ್ದಿ?" ಎಂದು ಕೇಳಬಾರದಿತ್ತು, ಕೇಳಿಬಿಟ್ಟೆ. ಅವನು ಎದ್ದು ಹೋದ.

ಸೆಪ್ಟೆಂಬರ್ ೩

ಬೆಳಿಗ್ಗೆ ಶೆಡ್ಡಿಗೆ ಹೋದರೆ ಟಿಪ್ಪುಸಾಬ ನನಗಿಂತ ಮುಂಚೆಯೇ ಬಂದು ದೋಣಿಯ ಹಿಂದಿನ ಸೀಟನ್ನು ಕಿತ್ತು ಹಾಕಿದ್ದ. ಆ ಜಾಗವನ್ನು ಸಾಮಾನು ಇಡುವ ಪೆಟ್ಟಿಗೆ ಮಾಡುತ್ತಾನಂತೆ. ಚಹಾ ತರಿಸಿದೆ, ಕುಡಿದೆವು.

ಮಧ್ಯಾಹ್ನ ಪ್ರಭುರಾಜ ಬಂದ.

"ಕಾಕಾ, ನಾ ಕೇಳಿದ್ದು ಆರು ಮಂದಿದು. ನಾಕು ಮಂದಿದು ಒಯ್ದು ಏನ್ ಮಾಡ್ಲಿ? ಹೊರದೇಶದ್ದು ತರಿಸಿ ಮಾರಾವ ಒಬ್ಬ ಅದಾನ. ಅವನ ದೋಣಿ ಮ್ಯಾಲ ಆರು ಅಂತ ಬರದೈತಿ. ನಿಮ್ಮದಕ್ಕಿಂತ ಸಣ್ಣದೈತಿ, ಆದ್ರೂ ಆರು ಐತಿ."

"ಹಂಗಾರ ಅದನ್ನ ತಗೋಪಾ."

"ಎಂಟು ದೋಣಿ ಕಾಕಾ! ವಿಚಾರ ಮಾಡ್ರಿ."

"ಮಾಡೀನಿ."

ಕಾರಿನ ಬಾಗಿಲನ್ನು ಜೋರಾಗಿ ಹಾಕಿಕೊಂಡು ಹೋದ. ಎಂಟು ದೋಣಿ ಹೋದವು. ಹಳದಿಯದೊಂದು ಬಾಗಿಲಲ್ಲೇ ಉಳಿಯಿತು. ಬೇಜಾರಾಗಿದೆ, ಇಲ್ಲವೆಂದರೆ ಸುಳ್ಳಾಗುತ್ತದೆ.

ಸೆಪ್ಟೆಂಬರ್ ೧೭

ಬೇವೂರಿನಿಂದ ನಾಲ್ಕು ನೀರಿನ ಟ್ಯಾಂಕಿಗೆ ಕೇಳಿದ್ದಾರೆ. ಅಳತೆ ತೆಗೆದುಕೊಳ್ಳಲು ಹೋಗಿದ್ದೆ. ವಾಪಸ್ ಬರುವಾಗ ಟಂಟಂ ಆಟೋ ಹತ್ತಿದೆ. ಹದಿಮೂರು ಜನರಿದ್ದೆವು. ಡ್ರೈವರಿನ ಎರಡೂ ಬದಿಗೆ ಒಬ್ಬೊಬ್ಬರು, ಹಿಂದೆ ಜೋತುಬಿದ್ದವರು ಇಬ್ಬರು. ಮೂರು ಕಿಲೋಮೀಟರಿಗೆ ಇಳಿದುಬಿಟ್ಟೆ. ಮೊಣಕಾಲು ಹಿಡಿದುಕೊಂಡಂತಾಗಿತ್ತು. ಬಸ್ಸು ಬರಲು ಒಂದು ತಾಸಾಯಿತು.

ಟ್ಯಾಂಕಿಗೂ ಒಂದು ತಗಡು ಇದ್ದರೆ ಚೆಂದ ಎನಿಸಿತು. ಹೆಸರು, ತಾರೀಕು, ಎಷ್ಟು ಲೀಟರು, ಕೆಳಗಿನ ಕಟ್ಟೆ ಎಷ್ಟು ಗಟ್ಟಿಯಿರಬೇಕು. ಟಿಪ್ಪುಸಾಬನಿಗೆ ಹೇಳಿದೆ. "ಇನ್ನ ನಿನ್ನ ಹಣಿ ಮ್ಯಾಲೂ ಒಂದು ಹೊಡಕೋ" ಎಂದ.

ಅಕ್ಟೋಬರ್ ೯

ಪ್ರಭುರಾಜ ಮತ್ತೆ ಬಂದಿದ್ದ. ಈ ಸಲ ಕಾರಿನ ಬಾಗಿಲನ್ನು ಮೆತ್ತಗೆ ಹಾಕಿದ. ಪಕ್ಕೀರವ್ವ ಊಟದ ಡಬ್ಬಿ ತಂದಿದ್ದಳು. ಅವನನ್ನೂ ಕೂರಿಸಿ ರೊಟ್ಟಿ, ಪುಂಡಿಪಲ್ಲೆ ಬಡಿಸಿದಳು. ಅರ್ಧ ಊಟವಾದ ಮೇಲೆ ಬಾಯಿಬಿಟ್ಟ.

ಹೊರದೇಶದ ದೋಣಿಯ ತಗಡಿನ ಮೇಲೆ ಎಲ್ಲೋ ದೂರದ ಕಾರ್ಖಾನೆಯ ಹೆಸರಿದೆಯಂತೆ. ಅದರ ಕೆಳಗೆ ಇನ್ನೊಂದು ಗೆರೆ, ತರಿಸಿದವನ ಹೆಸರು, ವಿಳಾಸ ಬರೆಯಲು. ಮಾಡಿದವನು ಕೈಗೆ ಸಿಗದಿದ್ದರೆ ತರಿಸಿದವನೇ ಹೊಣೆ. ಆ ಗೆರೆ ಖಾಲಿಯಿದ್ದರೆ ನಡೆಯುವುದಿಲ್ಲ ಎಂದು ಶಮಾ ಮೇಡಂ ಕಡ್ಡಿ ಮುರಿದಂತೆ ಹೇಳಿದ್ದಾರೆ.

"ಅವಗ ಹೆಸರು ಬರಿ ಅಂದೆ ಕಾಕಾ. ನಂದ್ಯಾಕ, ನಿಂದ ಬರಕೋ ಅಂದ. ಆರು ಮಂದಿ ಕುಂದರಬಹುದು ಅಂತ ಬಾಯಿಲೆ ಹೇಳ್ತಾನ, ಹೆಸರು ಮಾತ್ರ ಕೊಡಾಂಗಿಲ್ಲ ಅಂತಾನ." ಪ್ರಭುರಾಜ ತಟ್ಟೆಯನ್ನೇ ನೋಡುತ್ತಿದ್ದ. "ನನ್ನ ಹೆಸರು ಬರಿಬೇಕಂತ ಪೆನ್ನು ಹಿಡದೆ. ಕೈ ಬರಲಿಲ್ಲ."

ಪಕ್ಕೀರವ್ವ ಅವನಿಗೆ ಇನ್ನೊಂದು ರೊಟ್ಟಿ ಹಾಕಿದಳು.

"ನಾಕು ಮಂದಿದ ಕೊಡ್ರಿ. ಎಂಟು ಆಗೂದಿಲ್ಲ, ಐದು ಕೊಡ್ರಿ."

ಟಿಪ್ಪುಸಾಬ ಆಗಲೇ ಎದ್ದು ಅಚ್ಚಿನ ಮೇಲಿನ ಧೂಳು ಒರೆಸತೊಡಗಿದ್ದ.

ನವೆಂಬರ್ ೧೬

ದೋಣಿಯ ಜೊತೆ ಕೊಡಬೇಕಾದ ಕೈಪಿಡಿ ಬರೆದೆ, ಕನ್ನಡದಲ್ಲಿ, ಹದಿನಾಲ್ಕು ಪುಟ. ಪಕ್ಕೀರವ್ವನಿಗೆ ಓದಿ ಹೇಳಿದೆ. ಎರಡನೇ ಪುಟಕ್ಕೆ ಆಕಳಿಸಿದಳು.

"ಕೆರಿಗೆ ಬಂದಾವ್ರು ಇದನ್ನ ಓದ್ಕೋತ ಕುಂದರ್ತಾರೇನ್ರಿ? ಚಿತ್ರ ತಗಿರಿ."

ಹೇಳಿದ್ದು ಸರಿ. ಐದು ಚಿತ್ರ ತೆಗೆದೆ. ಜಾಕೀಟು ಹಾಕುವುದು, ಹತ್ತುವುದು, ನೆಟ್ಟಗೆ ಕೂರುವುದು, ಎದ್ದು ನಿಲ್ಲಬಾರದು, ನಾಲ್ಕೇ ಜನ. ಮನುಷ್ಯರನ್ನು ಬರೆಯಲು ನನಗೆ ಬರುವುದಿಲ್ಲ, ಎಲ್ಲರೂ ಭೀಮಕ್ಕನ ಹಾಗೆ ಕಾಣುತ್ತಾರೆ. ಇರಲಿ.

ಐದನೇ ದೋಣಿಯ ಫೋಮ್ ಇವತ್ತು ತುಂಬಿದೆವು. ಎರಡೂ ದ್ರವಗಳನ್ನು ತಕ್ಕಡಿಯಲ್ಲಿಟ್ಟು, ಕಾಳು ಕಾಳು ತೂಗಿದಂತೆ ತೂಗಿ ಸುರಿದೆವು. ಒಂದು ಹನಿ ಹೊರಬರಲಿಲ್ಲ. ಸರ್ಕಾರದ ಪುಸ್ತಕದಲ್ಲಿ ಅದನ್ನೇ ಎರಡು ಪುಟ ಬರೆದೆ. ಅದಕ್ಕೇ ಇಲ್ಲಿ ಬರೆಯಲು ಈಚೆಗೆ ಹೆಚ್ಚೇನೂ ಉಳಿಯುವುದಿಲ್ಲ.

ಡಿಸೆಂಬರ್ ೧೪

ಇವತ್ತು ಕೆರೆಯಲ್ಲಿ ದೋಣಿ ಬಿಟ್ಟರು. ಐದೂ ಹಳದಿ ದೋಣಿಗಳು ಸಾಲಾಗಿ ನಿಂತಿದ್ದವು. ತಂಪು ಗಾಳಿ, ನೀರಿನ ಮೇಲೆ ಬಿಸಿಲು. ಇಂಥ ದಿನ ಇನ್ನೊಂದು ಬರಲಿ ಎಂದು ಕೇಳಿದರೆ ಆಸೆಬುರುಕತನವಾದೀತು.

ಮೊದಲ ಸುತ್ತಿಗೆ ನಮ್ಮವರೇ ಹೋಗಬೇಕೆಂದು ಪ್ರಭುರಾಜ ಹೇಳಿದ. ಶಮಾ ಮೇಡಂ ಮತ್ತು ಟಿಪ್ಪುಸಾಬ ಮುಂದೆ ಕೂತು ಪೆಡಲ್ ಮೇಲೆ ಕಾಲಿಟ್ಟರು. ಹಿಂದಿನ ಸೀಟಿನಲ್ಲಿ ಕಾಸೀಮಬೀ. ಅವಳ ಪಕ್ಕದ ಜಾಗ ನನಗೆಂದು ಬಿಟ್ಟಿದ್ದರು. ನಾನು ಪಕ್ಕೀರವ್ವನ ಜಾಕೀಟಿನ ಪಟ್ಟಿ ಬಿಗಿದು ಅವಳನ್ನು ಅಲ್ಲಿ ಕೂರಿಸಿದೆ.

"ಕಾಕಾ, ನೀವೂ ಹತ್ರಿ" ಎಂದ ಪ್ರಭುರಾಜ. "ಮಾಡಿದವ್ರ ನೀವು. ಪೆಟ್ಟಿಗಿ ಮ್ಯಾಲ ಕುಂದರ್ರಿ. ಒಂದ ಸುತ್ತಿಗೆ ಏನಾಗತೈತಿ?"

"ನಾಕು ಮಂದಿ ಆದ್ರಪಾ."

"ಅಯ್ಯ, ನೀವು ತೆಳ್ಳಗ ಅದೀರಿ."

"ತೆಳ್ಳಗಿದ್ರೂ ಒಬ್ಬವ" ಎಂದು ದೋಣಿಯನ್ನು ನೀರಿಗೆ ನೂಕಿದೆ. ಪ್ರಭುರಾಜ ನಕ್ಕ. ಶಮಾ ಮೇಡಂ ನಗಲಿಲ್ಲ, ನನ್ನ ಕಡೆ ಒಮ್ಮೆ ನೋಡಿ ಪೆಡಲ್ ತುಳಿದರು.

ದಂಡೆಯ ಮೇಲೆ ನಿಂತು ನೋಡಿದೆ. ನೆಟ್ಟಗೆ ಹೋಯಿತು. ಹೆಂಗಸರಿಬ್ಬರ ಮಾತು ಇಲ್ಲಿಯತನಕ ಕೇಳುತ್ತಿತ್ತು. ಆಳದ ನೀರಿನಲ್ಲಿ ದೋಣಿ ತಿರುಗುವಾಗ ಪಕ್ಕೀರವ್ವ ನನ್ನನ್ನು ಕಂಡು, ಉಳಿದ ಮೂವರಿಗೂ ಕೈ ಮಾಡಿ ತೋರಿಸಿದಳು. ನಾಲ್ವರೂ ಒಮ್ಮೆಲೇ ಈ ಕಡೆ ತಿರುಗಿ, ಅಂಚಿಗೆ ಬಾಗಿ, ಕೈ ಬೀಸಿದರು. ದೋಣಿ ನನ್ನ ಕಡೆಗೆ ವಾಲಿತು. ವಾಲಿ, ನಿಂತಿತು. ಅಂಚು ನೀರಿನಿಂದ ನಾಲ್ಕು ಬೆರಳು ಮೇಲಿತ್ತು.

ಈಗ ಮನೆಗೆ ಬಂದು ಒಂದು ತಾಸಾಯಿತು. ಅಷ್ಟು ದೂರದಿಂದ ಅಷ್ಟು ಹೊತ್ತು ಕೈ ಬೀಸಿದರೂ ನಾನು ತಿರುಗಿ ಒಂದು ಕೈ ಎತ್ತಲಿಲ್ಲವೆಂದು, ದೋಣಿಯ ಅಂಚನ್ನೇ ಬಾಯಿಬಿಟ್ಟು ನೋಡುತ್ತಾ ನಿಂತಿದ್ದೆನೆಂದು ಪಕ್ಕೀರವ್ವ ಇನ್ನೂ ಬೈಯುತ್ತಿದ್ದಾಳೆ.